ಮೊಬೈಲಿನಲ್ಲಿ ಇಳಿಸಿಟ್ಟ ಪಹಣಿ ಕೆಡುವುದೇಕೆ?

ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನ ಕಬ್ಬು ಬೆಳೆಗಾರರಾಗಲಿ, ಕೃಷ್ಣರಾಜಪೇಟೆ, ನಾಗಮಂಗಲದ ರಾಗಿ ಬೆಳೆಗಾರರಾಗಲಿ, ಈಗ ಜಮೀನಿನ ದಾಖಲೆಗಳನ್ನು ಟ್ರಂಕಿನಲ್ಲಷ್ಟೇ ಅಲ್ಲ, ಮೊಬೈಲಿನಲ್ಲೂ ಇಟ್ಟುಕೊಳ್ಳುತ್ತಾರೆ. 2000ದ ಸುಮಾರಿಗೆ ಆರಂಭವಾದ 'ಭೂಮಿ' ಯೋಜನೆಯಿಂದ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು. ಪಹಣಿ, ಸರ್ವೆ ನಕ್ಷೆಗಳನ್ನು ಈಗ ಮನೆಯಲ್ಲೇ ಕುಳಿತು ಇಳಿಸಿಕೊಳ್ಳಬಹುದು. ಆದರೆ ಇಳಿಸಿಕೊಂಡ ದಿನ ಸರಿಯಾಗಿದ್ದ ಫೈಲು, ಕೆಲವು ತಿಂಗಳ ಮೇಲೆ ಬೇಕಾದ ಹೊತ್ತಿಗೆ ತೆರೆಯುವುದಿಲ್ಲವೆಂಬ ದೂರು ಸಾಮಾನ್ಯ.

ಲಕ್ಷಣ

ಫೈಲು ಅರೆಬರೆಯಾಗಿ ಬಂದಿತೆ, ಇಲ್ಲವೆ ಸರಿಯಾಗಿ ಬಂದು ಇಟ್ಟಲ್ಲಿ ಕೆಟ್ಟಿತೆ ಎಂಬುದನ್ನು ಮೊದಲು ತಿಳಿಯಬೇಕು. ಜೊಳ್ಳು ಬೀಜ ತಂದದ್ದು ಬೇರೆ, ಗಟ್ಟಿ ಬೀಜವನ್ನು ತೇವದಲ್ಲಿಟ್ಟು ಮುಗ್ಗಿಸಿದ್ದು ಬೇರೆ. ಸಿಗ್ನಲ್ ನಡುವೆ ಕಡಿದರೆ ಫೈಲಿನ ಗಾತ್ರ ಕಡಿಮೆಯಿರುತ್ತದೆ, ಮೊದಲ ದಿನವೇ ತೆರೆಯುವುದಿಲ್ಲ. ಮತ್ತೆ ಇಳಿಸಿಕೊಂಡರೆ ಸರಿಹೋಗುತ್ತದೆ. ಒಮ್ಮೆ ಪೂರ್ತಿಯಾಗಿ ತೆರೆದ ಫೈಲು ಮುಂದೆ ಕೆಟ್ಟರೆ ತಪ್ಪು ಸಿಗ್ನಲ್ಲಿನದಲ್ಲ. ಬೇರೊಂದು ಫೋನಿನಲ್ಲೂ ತೆರೆದು ನೋಡಬೇಕು. ಅಲ್ಲಿ ತೆರೆದರೆ ಫೈಲು ಕೆಟ್ಟೇ ಇಲ್ಲ.

ಕಾರಣ

ಮೆಮೊರಿ ಕಾರ್ಡಿನಲ್ಲಿ ಯಾವ ಫೈಲು ಎಲ್ಲಿದೆಯೆಂದು ತೋರಿಸುವ ಸೂಚಿಯೊಂದಿರುತ್ತದೆ. ಬರೆಯುತ್ತಿರುವಾಗಲೇ ಕಾರ್ಡನ್ನೋ ಪೆನ್ ಡ್ರೈವನ್ನೋ ಕಿತ್ತರೆ ಸೂಚಿ ಹಾಳಾಗಿ, ಮುಟ್ಟದ ಫೈಲುಗಳೂ ಕೆಟ್ಟಂತೆ ಕಾಣುತ್ತವೆ.

ಇದಕ್ಕಿಂತ ಮೋಸದ್ದು ನಕಲಿ ಕಾರ್ಡು. ಮೇಲೆ 128 ಜಿ.ಬಿ. ಎಂದಿದ್ದು ಒಳಗೆ 8 ಜಿ.ಬಿ. ಮಾತ್ರ ಇರಬಹುದು. ಫೋನಿಗೂ ಅದು ಸುಳ್ಳು ಲೆಕ್ಕವನ್ನೇ ಹೇಳುತ್ತದೆ. ಮೊದಲ 8 ಜಿ.ಬಿ. ತುಂಬುವತನಕ ಯಾವ ತೊಂದರೆಯೂ ಇಲ್ಲ. ಆಮೇಲೆ ಹೊಸದು ಹಳೆಯದರ ಮೇಲೆಯೇ ಬರೆದುಕೊಳ್ಳಬಹುದು, ಇಲ್ಲವೆ ಎಲ್ಲಿಯೂ ಉಳಿಯದೆ ಹೋಗಬಹುದು. ಫೈಲಿನ ಹೆಸರು, ಗಾತ್ರ ಹಾಗೆಯೇ ಕಾಣುವುದರಿಂದ ಕಳ್ಳತನ ತಿಳಿಯುವುದು ತಡ. ಮೊಮ್ಮಗನ ಸಿನಿಮಾ ತುಂಬಿದ ಮೇಲೆ ತಾತನ ಪಹಣಿ ಹೋಯಿತೆಂದರೆ ಮೊಮ್ಮಗನನ್ನು ಬೈಯುವ ಮುಂಚೆ ಕಾರ್ಡನ್ನು ಅನುಮಾನಿಸುವುದು ನ್ಯಾಯ. ಹೊಸ ಕಾರ್ಡನ್ನು ಕಂಪ್ಯೂಟರಿನಲ್ಲಿ ಪೂರ್ತಿ ತುಂಬಿ, ತಿರುಗಿ ಓದಿಸಿ ಪರೀಕ್ಷಿಸಬೇಕು. 'ಎಚ್2ಟೆಸ್ಟ್‌ಡಬ್ಲ್ಯು' ಎಂಬ ಉಚಿತ ತಂತ್ರಾಂಶ ಈ ಕೆಲಸ ಮಾಡುತ್ತದೆ.

ಅಸಲಿ ಕಾರ್ಡೂ ಶಾಶ್ವತವಲ್ಲ. ಅದರ ಕಣಗಳಲ್ಲಿ ಹಿಡಿದಿಟ್ಟ ವಿದ್ಯುದಂಶ ವರ್ಷಗಳು ಕಳೆದಂತೆ ಸೋರುತ್ತದೆ. ಸವೆದ ಕಾರ್ಡಿನಲ್ಲಿ, ಬಿಸಿಲಿಗೆ ಕಾಯುವ ಟ್ರಾಕ್ಟರಿನ ಡಬ್ಬಿಯಂಥ ಕಡೆ, ಇನ್ನೂ ಬೇಗ.

ಪರಿಹಾರ

ಫೈಲು ಕೆಟ್ಟಿದೆಯೆಂದು ಕಂಡೊಡನೆ ಆ ಕಾರ್ಡಿಗೆ ಹೊಸದೇನನ್ನೂ ತುಂಬಬಾರದು. 'ಫಾರ್ಮ್ಯಾಟ್ ಮಾಡಬೇಕೆ?' ಎಂದು ಫೋನು ಕೇಳಿದರೆ ಒಪ್ಪಬಾರದು. ಫೋನನ್ನು ಆರಿಸಿ, ಕಾರ್ಡು ತೆಗೆದು, ಕಂಪ್ಯೂಟರಿಗೆ ಹಾಕಿ, ಓದಲು ಬರುವಷ್ಟನ್ನು ಮೊದಲು ನಕಲು ಮಾಡಿಕೊಳ್ಳಬೇಕು. 'ಚೆಕ್‌ಡಿಸ್ಕ್' ಮುಂತಾದ ದುರಸ್ತಿ ಆಮೇಲೆ. ದುರಸ್ತಿಯೇ ಕೆಲವೊಮ್ಮೆ ಅಳಿದುಳಿದದ್ದನ್ನೂ ಕತ್ತರಿಸಿಹಾಕುತ್ತದೆ.

ಪಹಣಿ ಹೋದರೆ ಮತ್ತೆ ಇಳಿಸಿಕೊಳ್ಳಬಹುದು. ಹೇಗೂ ಬ್ಯಾಂಕಿನವರು ಹೊಸ ಪಹಣಿಯನ್ನೇ ಕೇಳುವುದುಂಟು. ಆದರೆ ಆಲಿಕಲ್ಲು ಬಿದ್ದ ಹೊಲದಲ್ಲಿ ರೈತರೇ ತೆಗೆದ ಫೋಟೋ ಹೋದರೆ ಎಲ್ಲಿಂದಲೂ ಬಾರದು. ಫಸಲ್ ಬಿಮಾ ಯೋಜನೆಯಲ್ಲಿ ಇಂಥ ಸ್ಥಳೀಯ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ಆ ಹೊತ್ತಿನ ಫೋಟೋ ಅಂದೇ ಎರಡನೆಯ ಕಡೆ ಸೇರಬೇಕು. ಒಂದೇ ಕಾರ್ಡಿನಲ್ಲಿರುವ ಎರಡು ಪ್ರತಿಗಳು ಲೆಕ್ಕಕ್ಕೆ ಒಂದೇ. ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಅದು ಕುಗ್ಗುತ್ತದೆ. 'ಡಾಕ್ಯುಮೆಂಟ್' ಎಂದು ಕಳಿಸಿದರೆ ಇದ್ದಂತೆಯೇ ತಲುಪುತ್ತದೆ.

ವಿಸ್ತರಣಾ ಕಾರ್ಯಕರ್ತರು ಕಂಪ್ಯೂಟರಿನಲ್ಲಿ ಫೈಲಿನ 'ಎಸ್‌ಎಚ್‌ಎ-256' ಸಂಖ್ಯೆ ತೆಗೆದು ಬರೆದಿಟ್ಟುಕೊಳ್ಳಬಹುದು. ಫೈಲಿನಲ್ಲಿ ಒಂದಕ್ಷರ ಬದಲಾದರೂ ಆ ಸಂಖ್ಯೆ ಬೇರೆಯಾಗುತ್ತದೆ.

ಒಮ್ಮೆ ಫೈಲು ಕೆಡಿಸಿದ ಕಾರ್ಡನ್ನು ಬೇಕಾದರೆ ಹಾಡು ಕೇಳಲು ಇಟ್ಟುಕೊಳ್ಳಬಹುದು, ದಾಖಲೆಗಳಿಗೆ ಬೇಡ.