ಗಡಿನಾಡಿನಲ್ಲಿ ಮಾತು ಕಲಿಸುವ ಬಗೆ

ಸಾಂಗಲಿ-ಮಿರಜ ಪರಿಸರದಲ್ಲಿ ಕನ್ನಡ, ಮರಾಠಿಗಳು ನೆರೆಮನೆಯ ಭಾಷೆಗಳು. ಬೆಳಗಾವಿ, ವಿಜಯಪುರ ಜಿಲ್ಲೆಗಳ ರೋಗಿಗಳು ಮಿರಜದ ಆಸ್ಪತ್ರೆಗಳಿಗೆ ಬರುತ್ತಾರೆ. ಅವರ ನೋವನ್ನು ಕೇಳಬೇಕಾದ ಮರಾಠಿ ದಾದಿಗೆ ನಾಲ್ಕು ಮಾತು ಕನ್ನಡ ಬಾರದಿದ್ದರೆ ಇಬ್ಬರಿಗೂ ಸಂಕಟವೇ. ಇಂಥವರಿಗೆ ಪ್ರತಿಫಲ ಬಯಸದೆ, ಬಿಡುವಿನ ವೇಳೆಯಲ್ಲಿ ಮಾತು ಕಲಿಸಲು ಮುಂದಾಗುವ ಶಿಕ್ಷಕ ಬಾಂಧವರು ಒಂದು ಸಂಗತಿಯನ್ನು ಮೊದಲು ಮನಗಾಣಬೇಕು. ಇಲ್ಲಿ ಕನ್ನಡ ಕಲಿಯಬಂದವನು ಬರಿಗೈಯಲ್ಲಿ ಬಂದಿರುವುದಿಲ್ಲ.

ಇದಕ್ಕೆ ಸಾಂಗಲಿ ಜಿಲ್ಲೆಯ ಕುಪವಾಡವೇ ಸಾಕ್ಷಿ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ವಿದ್ವಾಂಸರು ಅಲ್ಲಿಯ ಆಡುಮಾತನ್ನು ಅಭ್ಯಸಿಸಿ 1971ರಲ್ಲಿ ಪ್ರಕಟಿಸಿದ ಪ್ರಬಂಧವು ಭಾಷಾಶಾಸ್ತ್ರದಲ್ಲಿ ಪ್ರಸಿದ್ಧವಾಗಿದೆ. ಆ ಊರಿನ ಕನ್ನಡ, ಮರಾಠಿ, ಉರ್ದು ನುಡಿಗಳು ತಮ್ಮ ತಮ್ಮ ಶಬ್ದಗಳನ್ನು ಉಳಿಸಿಕೊಂಡೇ ವಾಕ್ಯರಚನೆಯಲ್ಲಿ ಬಹುಮಟ್ಟಿಗೆ ಒಂದಾಗಿದ್ದವೆಂದು ಅವರು ತೋರಿಸಿಕೊಟ್ಟರು. ಗ್ರಾಂಥಿಕ ಕನ್ನಡದ 'ಇದು ನಿಮ್ಮ ಮನೆ' ಎಂಬುದು ಅಲ್ಲಿ ಮರಾಠಿಯ ಜಾಡು ಹಿಡಿದು 'ಇದ ನಿಮ್ಮ ಮನಿ ಐತಿ' ಎಂದಾಗಿತ್ತು. ಮರಾಠಿಯಾದರೂ ಕನ್ನಡದ ಸಹವಾಸದಿಂದ ನಿರ್ಜೀವ ವಸ್ತುಗಳ ಲಿಂಗಭೇದವನ್ನು ಸಡಿಲಿಸಿಕೊಂಡಿತ್ತು.

ಆದುದರಿಂದ ಪಾಠವು ಹೋಲಿಕೆಯಿಂದಲೇ ಆರಂಭವಾಗಲಿ. 'ಮಲಾ ಪಾಣೀ ಪಾಹಿಜೆ' ಎನ್ನುವವನಿಗೆ 'ನನಗ ನೀರು ಬೇಕು' ಎಂಬುದರ ಕಟ್ಟು ಹೊಸದಲ್ಲ. ಮೂರು ಶಬ್ದಗಳೂ ಅದೇ ಕ್ರಮದಲ್ಲಿವೆ. ನೀರಿನ ಸ್ಥಾನದಲ್ಲಿ ಔಷಧ, ಹಾಲು, ಹೊದಿಕೆ ಎಂದಿಡುತ್ತ ಹೋದರೆ ಮೊದಲ ದಿನವೇ ಅವನ ಬಾಯಲ್ಲಿ ಹತ್ತು ವಾಕ್ಯಗಳು ನಿಲ್ಲುತ್ತವೆ.

ಎರಡನೆಯದು, ತಪ್ಪನ್ನು ತಿದ್ದುವ ರೀತಿ. ಮರಾಠಿಯಲ್ಲಿ ಗಾಡಿ ಸ್ತ್ರೀಲಿಂಗ. 'ಗಾಡೀ ಆಲೀ' ಎಂದು ರೂಢಿಯಾದವನು 'ಗಾಡಿ ಬಂದಳು' ಎಂದಾನು. ನಗಬಾರದು, ನಡುವೆ ತಡೆಯಲೂ ಬಾರದು. 'ಹೌದು, ಗಾಡಿ ಬಂತು, ಯಾರು ಇಳಿದರು?' ಎಂದು ಸರಿಯಾದ ರೂಪವನ್ನು ಉತ್ತರದಲ್ಲಿಯೇ ಕೇಳಿಸಿ ಮಾತನ್ನು ಮುಂದುವರಿಸಬೇಕು. ವ್ಯಾಕರಣದ ವಿವರಣೆ ಕೊನೆಯ ಐದು ನಿಮಿಷಕ್ಕಿರಲಿ.

ಮೂರನೆಯದು, ಕಲಿಸುವುದು ಈ ನೆಲದ ಮಾತಾಗಿರಲಿ. ದಾದಿಗೆ ಬೇಕಾದುದು 'ಎಲ್ಲಿ ನೋವೈತ್ರಿ, ಅಜ್ಜಾರ?' ಎಂಬ ಪ್ರಶ್ನೆ. ಆ 'ರಿ'ಕಾರದ ಗೌರವವನ್ನು ಮೊದಲ ವಾರವೇ ಕಲಿಸಬೇಕು; ಅದಿಲ್ಲದಿದ್ದರೆ ಶುದ್ಧ ವಾಕ್ಯವೂ ಹಿರಿಯರ ಕಿವಿಗೆ ಒರಟಾಗುತ್ತದೆ. ಇಬ್ಬಿಬ್ಬರನ್ನು ಕೂಡಿಸಿ ಒಬ್ಬನನ್ನು ರೋಗಿ, ಇನ್ನೊಬ್ಬಳನ್ನು ದಾದಿಯಾಗಿ ಮಾಡಿ ಮಾತಾಡಿಸಬೇಕು. ಶಿಕ್ಷಕನು ಆದಷ್ಟು ಕಡಿಮೆ ಮಾತಾಡಬೇಕು.

ಜತ್ತ ತಾಲೂಕಿನ ಕನ್ನಡ ಮನೆಗಳ ಮಕ್ಕಳಿಗೂ ಈ ಎಚ್ಚರ ಅಗತ್ಯ. ಮನೆಯ 'ಐತಿ'ಯನ್ನು ತಪ್ಪೆಂದು ಹೀಗಳೆದರೆ ಮಗು 'ಇದೆ' ಕಲಿಯುವುದಕ್ಕಿಂತ ಮೊದಲು ಮೌನ ಕಲಿಯುತ್ತದೆ. 'ಐತಿ' ಮನೆಗೆ, 'ಇದೆ' ಪುಸ್ತಕಕ್ಕೆ ಎಂದು ತಿಳಿಹೇಳಿದರೆ ಎರಡೂ ಅದರ ಪಾಲಿಗೆ ಉಳಿಯುತ್ತವೆ.