ಸಾಸಲು ಸೀಮೆಯ ತರುಣರೂ ಆಚಾರನಿಷ್ಠೆಯೂ

ದೊಡ್ಡಬಳ್ಳಾಪುರ ತಾಲ್ಲೂಕಿನ ಐದು ಹೋಬಳಿಗಳಲ್ಲಿ ಸಾಸಲು ಒಂದು. ರಾಗಿಯ ಸೀಮೆ, ಮಳೆಯನ್ನು ನಂಬಿ ಬದುಕಿದ ಸೀಮೆ. ನಾಡಿನ ಇತರ ಹಳ್ಳಿಗಳಲ್ಲಿರುವಂತೆಯೇ ಇಲ್ಲಿಯೂ ಹಿರಿಯರ ಬಾಯಲ್ಲಿ ಒಂದು ದೂರು ಎಡೆಬಿಡದೆ ಕೇಳಿಬರುತ್ತಿದೆ: ಮಕ್ಕಳಿಗೆ ದೇವರು ದಿಂಡರೆಂಬ ಭಯಭಕ್ತಿಯಿಲ್ಲ, ಸೋಮವಾರ ಶನಿವಾರಗಳ ಒಪ್ಪತ್ತಿಲ್ಲ, ಹಬ್ಬದ ದಿವಸ ಮಿಂದು ಮಡಿಯಾಗುವಷ್ಟು ವ್ಯವಧಾನವೂ ಇಲ್ಲ ಎಂದು. ಈ ದೂರಿನಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳಲಾರೆವು. ಆದರೆ ಅಪರಾಧವನ್ನೆಲ್ಲ ತರುಣರ ತಲೆಗೆ ಕಟ್ಟುವುದು ನ್ಯಾಯವೇ ಎಂಬುದನ್ನು ವಿಚಾರಿಸಬೇಕಾಗಿದೆ.

ದೂರು ನಮ್ಮ ದೇಶದ್ದು ಮಾತ್ರವಲ್ಲ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು 2018ರಲ್ಲಿ ಪ್ರಕಟಿಸಿದ ವರದಿಯಲ್ಲಿ 106 ದೇಶಗಳನ್ನು ಪರೀಕ್ಷಿಸಿದ್ದು, 46 ದೇಶಗಳಲ್ಲಿ ನಲವತ್ತರ ಒಳಗಿನವರು ತಮ್ಮ ಹಿರಿಯರಷ್ಟು ಧರ್ಮಕ್ಕೆ ಮಹತ್ತ್ವ ಕೊಡುವುದಿಲ್ಲವೆಂದು ಕಂಡುಬಂದಿತು. ಅದೇ ಸಂಸ್ಥೆಯು 2019-20ರಲ್ಲಿ ಭರತಖಂಡದಲ್ಲಿ ವಿಚಾರಿಸಿದಾಗ, ನೂರಕ್ಕೆ 84 ಮಂದಿ ಧರ್ಮವು ತಮ್ಮ ಬಾಳಿನಲ್ಲಿ ಅತಿ ಮುಖ್ಯವೆಂದರು. ದಕ್ಷಿಣದಲ್ಲಿ ಹಾಗೆಂದವರು ನೂರಕ್ಕೆ 69 ಮಂದಿ. ದಕ್ಷಿಣದ ಅಂಕಿ ಕಡಿಮೆಯೆಂಬುದು ದಿಟ. ನಾಸ್ತಿಕರ ನಾಡಿನ ಅಂಕಿಯಂತೂ ಅಲ್ಲ. ಅಂಕಿಗಳು ಬೇಡವೆಂಬವರು ಪುಷ್ಯ ಶುದ್ಧ ಷಷ್ಠಿಯ ದಿನ ಘಾಟಿ ಸುಬ್ರಹ್ಮಣ್ಯದ ತೇರನ್ನೋ, ಶ್ರಾವಣ ಶನಿವಾರ ಮಧುರೆಯ ಶನಿಮಹಾತ್ಮನ ಗುಡಿಯ ಸಾಲನ್ನೋ ನೋಡಿಬರಲಿ. ಅಲ್ಲಿ ಮೋಟಾರುಬೈಕುಗಳನ್ನೇರಿ ಬಂದು ಕೈಮುಗಿದು ನಿಂತವರು ತರುಣರೇ. ದೇವರನ್ನು ಬಿಟ್ಟವರೆಂದು ಇವರನ್ನು ಕರೆಯುವುದು ಹೇಗೆ?

ಹಾಗಾದರೆ ಹೋದದ್ದು ಯಾವುದು? ನಮ್ಮ ಅಭಿಪ್ರಾಯದಲ್ಲಿ ಭಕ್ತಿ ಹೋಗಿಲ್ಲ. ಕೆಲಸದೊಡನೆ ಹೆಣೆದುಕೊಂಡಿದ್ದ ಆಚಾರ ಹೋಗಿದೆ. ರಾಗಿಯ ಕಣವನ್ನೇ ನೋಡಿರಿ. ಕೊಯ್ಲಾಗಿ ಮೆದೆ ಒಟ್ಟಿದ ಮೇಲೆ ನೆಲ ಕೆತ್ತಿ, ನೀರು ಚಿಮುಕಿಸಿ, ತುಳಿದು, ಸಗಣಿಯಿಂದ ಸಾರಿಸಿ ಕಣ ಮಾಡುತ್ತಿದ್ದರು. ನಡುವೆ ಮೇಟಿ ನೆಟ್ಟ ಬಳಿಕ ಆ ನೆಲವು ದೇವರ ಮನೆಯೇ ಆಯಿತು. ಅದರ ಮೇಲೆ ಜೋಡು ಮೆಟ್ಟಿ ಬರುವ ಧೈರ್ಯ ಊರ ಗೌಡನಿಗೂ ಇರಲಿಲ್ಲ. ಎತ್ತು ಕಟ್ಟಿ ಗುಂಡು ಹೊಡೆದು, ತೂರಿ, ರಾಶಿ ಮಾಡಿದ ಮೇಲೆ ಸಗಣಿಯ ಬೆನಕನಿಗೆ ಗರಿಕೆ ಸಿಕ್ಕಿಸಿ ಪೂಜೆ. ಅಳೆಯುವಾಗ ಮೊದಲ ಕೊಳಗವನ್ನು ‘ಒಂದು’ ಎನ್ನುತ್ತಿರಲಿಲ್ಲ, ‘ಲಾಭ’ ಎನ್ನುತ್ತಿದ್ದರು. ಕಮ್ಮಾರ, ಅಗಸ, ನೀರಗಂಟಿ ಮೊದಲಾದ ಆಯಗಾರರಿಗೆ ಅವರವರ ಪಾಲು ಸಂದ ಮೇಲೆಯೇ ರಾಗಿ ಮನೆಗೆ. ಪೂಜೆ, ದುಡಿಮೆ, ದಾನ, ಋಣ ಎಲ್ಲವೂ ಒಂದೇ ನೆಲದ ಮೇಲೆ ನಡೆಯುತ್ತಿದ್ದವು.

ಇಂದು ತೆನೆಯನ್ನು ಡಾಂಬರು ರಸ್ತೆಯ ಮೇಲೆ ಹರಡಿ, ಹಾದುಹೋಗುವ ಲಾರಿಗಳ ಚಕ್ರದಿಂದ ಒಕ್ಕಣೆ ಮಾಡಿಸುವುದನ್ನು ಸುಗ್ಗಿಯಲ್ಲಿ ಎಲ್ಲರೂ ಕಂಡಿರುವರು. ಉಳಿದುದನ್ನು ಯಂತ್ರ ನೋಡಿಕೊಳ್ಳುತ್ತದೆ. ಕಣವಿಲ್ಲದೆ ರಾಶಿಪೂಜೆ ಎಲ್ಲಿ ನಡೆಯಬೇಕು? ಎತ್ತಿಲ್ಲದ ಕೊಟ್ಟಿಗೆಯವನು ಸಂಕ್ರಾಂತಿಯಂದು ಯಾವುದಕ್ಕೆ ಕಿಚ್ಚು ಹಾಯಿಸಬೇಕು? ಸೀಮೆಹಸುವನ್ನು ಬೆಂಕಿ ದಾಟಿಸಲು ಹಾಲಿನ ಲೆಕ್ಕ ಬಲ್ಲ ಯಾವ ಗೃಹಿಣಿಯೂ ಒಪ್ಪಲಾರಳು. ಕಣವನ್ನು ಬಿಟ್ಟವರು, ಎತ್ತನ್ನು ಮಾರಿದವರು ಇಂದಿನ ಹುಡುಗರಲ್ಲ, ಅವರ ತಂದೆಗಳು. ಅವರು ಮಾರಿದ್ದೂ ತಪ್ಪೆಂದು ನಾವು ಹೇಳುವುದಿಲ್ಲ. ಹೊಟ್ಟೆಯ ಪಾಡು ಹಾಗಿತ್ತು. ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳಲ್ಲಿ ರಾತ್ರಿಯ ಪಾಳಿ ಮುಗಿಸಿ ಬೆಳಗ್ಗೆ ಮನೆ ಸೇರುವ ಮಗನಿಗೆ, ಮಿಂದು ಒಪ್ಪತ್ತಿರು ಎಂದು ಬೋಧಿಸುವವರು ಅವನ ನಿದ್ರೆಯ ವೇಳೆಯನ್ನೂ ಗೊತ್ತುಮಾಡಿ ಕೊಡಬೇಕು.

ಕಾಯಿದೆಗಳ ಪಾತ್ರವೂ ಇಲ್ಲಿ ಅಲ್ಪವಲ್ಲ. 1955ರ ಮೈಸೂರು ಧಾರ್ಮಿಕ ಮತ್ತು ಧರ್ಮಾದಾಯ ಇನಾಂ ರದ್ದಿಯಾತಿ ಕಾಯಿದೆಯಿಂದ ಗುಡಿಯ ಭೂಮಿಯೂ, 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯಿಂದ ತೋಟಿ, ತಳವಾರ, ನೀರಗಂಟಿಗಳ ವಂಶಪಾರಂಪರ್ಯ ಹುದ್ದೆಯೂ ಕೊನೆಗೊಂಡವು. ಉಳುವವನಿಗೆ ನ್ಯಾಯ ದೊರೆಯಿತು, ಬಿಟ್ಟಿಚಾಕರಿ ತೊಲಗಿತು, ಸಂತೋಷವೇ. ಆದರೆ ತೂಬು ಎತ್ತುವವನೂ ಕಲ್ಯಾಣಿಯ ಪಾಚಿ ತೆಗೆಯುವವನೂ ಇನ್ನು ಯಾರೆಂಬುದನ್ನು ಊರವರು ಕೂತು ತೀರ್ಮಾನಿಸಲಿಲ್ಲ. ರಾಜ್ಯದ ಮುಜರಾಯಿಗೆ ಸೇರಿದ ಸುಮಾರು 34,000 ದೇವಾಲಯಗಳಲ್ಲಿ ಬಹುಪಾಲು ಅತ್ಯಲ್ಪ ವರಮಾನದ ‘ಸಿ’ ದರ್ಜೆಯವು. ವರ್ಷಕ್ಕೊಮ್ಮೆ ಬರುವ ತಸ್ತೀಕಿನಲ್ಲಿ ಅರ್ಚಕನ ಸಂಸಾರವೂ ದೇವರ ದೀಪವೂ ನಡೆಯಬೇಕು. ಅರ್ಚಕನ ಮಗನು ಪಟ್ಟಣಕ್ಕೆ ಹೊರಟರೆ ಆಶ್ಚರ್ಯವೇನು?

ಹೋದದ್ದೆಲ್ಲ ನಷ್ಟವೆಂದು ಯಾರೂ ಭಾವಿಸಬಾರದು. ಜಾತ್ರೆಯ ಕೋಣಬಲಿಯನ್ನು 1959ರ ಕಾಯಿದೆ ನಿಷೇಧಿಸಿತು. ಆ ಕಾಲದ ಹಿರಿಯರು ಇಂದಿನ ಹಿರಿಯರನ್ನು ‘ಧರ್ಮಗೆಟ್ಟವರು’ ಎಂದೇ ಬೈದಿರಬೇಕು! ಅಸ್ಪೃಶ್ಯತೆಯನ್ನು 1950ರಲ್ಲಿಯೇ ಸಂವಿಧಾನ ಅಳಿಸಿದ್ದರೂ ಗುಡಿಯ ಹೊಸ್ತಿಲ ಹೊರಗೆ ನಿಂತು ಆರತಿ ಕಂಡ ತಾಯಿಯ ಮಗನು ಅಂಥ ಆಚಾರಕ್ಕೆ ಬೆನ್ನು ಹಾಕಿದರೆ, ಅವನನ್ನು ಶ್ರದ್ಧಾಹೀನನೆಂದು ಕರೆಯುವ ಅಧಿಕಾರ ಯಾರಿಗಿದೆ?

ನಮ್ಮ ಚಿಂತೆ ಬೇರೆಯಾದುದು. ಘಾಟಿಗೆ ಹೋಗಿ ಬರುವವನಿಗೆ ತನ್ನೂರ ಮಾರಮ್ಮನ ಗುಡಿಯ ಸೂರು ಸೋರುವುದು ಗೊತ್ತಿಲ್ಲ. ಯಾತ್ರಿಕನು ಕಾಣಿಕೆ ಹಾಕಿ ಹೊರಡುತ್ತಾನೆ. ಒಕ್ಕಲಿಗೆ ಸರದಿಯಿತ್ತು, ಈ ವರ್ಷ ದೀಪದೆಣ್ಣೆ ನಿನ್ನದು, ಬರುವ ವರ್ಷ ಕೆರೆಯ ಏರಿ ನಿನ್ನದು ಎಂಬ ಕಟ್ಟಿತ್ತು. ತಂಬಿಟ್ಟಿನ ಆರತಿಯನ್ನು ಹೆಣ್ಣುಮಕ್ಕಳು ಇಂದಿಗೂ ಹೊರುತ್ತಾರೆ. ಮಳೆರಾಯನನ್ನು ಹೊತ್ತು ಮನೆಮನೆಗೆ ಹಾಡಿಕೊಂಡು ಹೋಗುವ ಮಕ್ಕಳು ಅಪರೂಪ. ಆ ಹಾಡುಗಳು ಇರುವುದು ಎಪ್ಪತ್ತು ದಾಟಿದ ಅಜ್ಜಿಯರ ನೆನಪಿನಲ್ಲಿ ಮಾತ್ರ. ಹೋಬಳಿಯ ಶಾಲೆಗಳ ಉಪಾಧ್ಯಾಯರು ಮನಸ್ಸು ಮಾಡಿದರೆ ಒಂದು ಬೇಸಿಗೆಯಲ್ಲಿ ಬರೆದಿಡಬಹುದು.

ಗುಡಿಗಳ ಮಾತಿಗೆ ಬಂದರೆ, 1997ರ ಧಾರ್ಮಿಕ ದತ್ತಿ ಕಾಯಿದೆಯಲ್ಲಿಯೇ ದೊಡ್ಡ ದೇವಾಲಯಗಳ ವರಮಾನದ ಒಂದು ಪಾಲನ್ನು ಬಡ ಗುಡಿಗಳಿಗಾಗಿ ಕೂಡಿಡುವ ಸಾಮಾನ್ಯ ಸಂಗ್ರಹಣಾ ನಿಧಿಯುಂಟು. ಅದರಿಂದ ಊರಗುಡಿಗೆ ಸಹಾಯ ಕೋರಲು ಅರ್ಜಿ ಬರೆಯಬಲ್ಲವರು ಓದಿದ ತರುಣರು. ವ್ಯವಸ್ಥಾಪನಾ ಸಮಿತಿಗಳಲ್ಲಿ ಮಹಿಳೆಯರಿಗೂ ಪರಿಶಿಷ್ಟರಿಗೂ ಸ್ಥಾನವಿರತಕ್ಕದ್ದೆಂದು ಆ ಕಾಯಿದೆಯೇ ವಿಧಿಸಿದೆ. ಹಿರಿಯರು ತಾವಾಗಿಯೇ ಒಂದೆರಡು ಸ್ಥಾನಗಳನ್ನು ಇಪ್ಪತ್ತೈದು ಮೂವತ್ತರ ವಯಸ್ಸಿನವರಿಗೆ ಬಿಟ್ಟುಕೊಡಲಿ, ಲೆಕ್ಕದ ಪುಸ್ತಕವನ್ನೂ ಅವರ ಕೈಗೆ ಕೊಡಲಿ. ಸಭೆಯನ್ನು ಕಾರ್ಖಾನೆಗೆ ರಜೆಯಿರುವ ದಿನ ಕರೆಯಲಿ. ಬುಧವಾರ ಹನ್ನೊಂದು ಗಂಟೆಗೆ ಸಭೆ ಸೇರಿಸಿ, ಹುಡುಗರು ಯಾರೂ ಬರಲಿಲ್ಲವೆಂದು ಅರಳೀಕಟ್ಟೆಯ ಮೇಲೆ ಕುಳಿತು ನಿಟ್ಟುಸಿರುಬಿಟ್ಟರೆ ಕೇಳುವವರಾರು?