ಕೆಂಬಾವುಟದ ಕೆಳಗೆ ಪ್ರಜೆಯ ಹಕ್ಕು

ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯ ಕಡೆಯವರಿಗೆ ಕಮ್ಯುನಿಸ್ಟರು ಅಪರಿಚಿತರಲ್ಲ. ನೆರೆಯ ಬಾಗೇಪಲ್ಲಿ ಕ್ಷೇತ್ರ 1983ರಲ್ಲಿ ಎ.ವಿ. ಅಪ್ಪಸ್ವಾಮಿ ರೆಡ್ಡಿಯವರನ್ನೂ 1994 ಮತ್ತು 2004ರಲ್ಲಿ ಜಿ.ವಿ. ಶ್ರೀರಾಮರೆಡ್ಡಿಯವರನ್ನೂ ಸಿಪಿಎಂನಿಂದ ವಿಧಾನಸಭೆಗೆ ಕಳುಹಿಸಿತ್ತು. ಆದರೆ ಕೆಂಬಾವುಟದ ಶಾಸಕನನ್ನು ಆರಿಸುವುದು ಬೇರೆ, ಕೆಂಬಾವುಟದ ಸರ್ಕಾರದ ಕೆಳಗೆ ಬಾಳುವುದು ಬೇರೆ. ಈ ಎರಡನೆಯ ಅನುಭವ ತಮ್ಮ ನೆಲದಲ್ಲೇ ಆದದ್ದು ಕಾಸರಗೋಡಿನ ಕನ್ನಡಿಗರಿಗೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಐದು ತಿಂಗಳು ಕಳೆಯುವಷ್ಟರಲ್ಲಿ, 1957ರ ಏಪ್ರಿಲ್‌ನಲ್ಲಿ, ಇ.ಎಂ.ಎಸ್. ನಂಬೂದಿರಿಪಾಡರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು.

ಕಮ್ಯುನಿಸ್ಟ್ ಆಳ್ವಿಕೆ ಎಂದೊಡನೆ ಸ್ಟಾಲಿನ್‌ನ ರಷ್ಯಾ ನೆನಪಾಗುವುದು ಸಹಜ. ಅಲ್ಲಿನ 1936ರ ಸಂವಿಧಾನದಲ್ಲೂ ವಾಕ್ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ, ಸಭೆ ಸೇರುವ ಸ್ವಾತಂತ್ರ್ಯಗಳಿದ್ದವು. ಆದರೆ ಅವು ದುಡಿಯುವ ಜನರ ಹಿತಕ್ಕೆ ಅನುಗುಣವಾಗಿರಬೇಕು ಎಂಬ ಷರತ್ತೂ ಇತ್ತು. ಆ ಹಿತ ಯಾವುದೆಂದು ತೀರ್ಮಾನಿಸುತ್ತಿದ್ದುದು ಪಕ್ಷ. ಮುಂದಿನ ಎರಡೇ ವರ್ಷಗಳಲ್ಲಿ, 1937 ಮತ್ತು 38ರಲ್ಲಿ, ಗುಂಡಿಗೆ ಬಲಿಯಾದವರು ಸುಮಾರು 6,80,000 ಮಂದಿ ಎಂದು ಸರ್ಕಾರದ್ದೇ ದಾಖಲೆಗಳು ಹೇಳುತ್ತವೆ. ಪಕ್ಷದ ಮಾತನ್ನು ಅಲ್ಲಗಳೆಯಬಲ್ಲ ನ್ಯಾಯಾಲಯ ಅಲ್ಲಿರಲಿಲ್ಲ. ಕೇರಳದ ಕಥೆ ಬೇರೆಯಾದದ್ದು ಈ ಒಂದು ವ್ಯತ್ಯಾಸದಿಂದ.

ವಿಚಿತ್ರವೆಂದರೆ, ಭಾರತದಲ್ಲಿ ಆ ನ್ಯಾಯಾಲಯದ ಬಾಗಿಲನ್ನು ಮೊದಮೊದಲು ತಟ್ಟಿದವರು ಕಮ್ಯುನಿಸ್ಟರೇ. ಎ.ಕೆ. ಗೋಪಾಲನ್ 1947ರ ಡಿಸೆಂಬರ್‌ನಿಂದ ಮದರಾಸು ಸರ್ಕಾರದ ಸೆರೆಯಲ್ಲಿದ್ದರು. ಸಂವಿಧಾನ ಜಾರಿಗೆ ಬಂದ ಕೆಲವೇ ವಾರಗಳಲ್ಲಿ, ವಿಚಾರಣೆಯಿಲ್ಲದೆ ಬಂಧಿಸಿಡುವ ಹೊಸ ಕಾಯ್ದೆಯನ್ನು ಅವರು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 1950ರ ಮೇ 19ರ ತೀರ್ಪು ಅವರ ವಿರುದ್ಧವಾಯಿತು. ಆದರೂ ಬಂಧನದ ಕಾರಣಗಳನ್ನು ನ್ಯಾಯಾಲಯಕ್ಕೂ ತಿಳಿಸಕೂಡದೆಂಬ 14ನೆಯ ಕಲಮು ಬಿದ್ದುಹೋಯಿತು. ನ್ಯಾಯಮೂರ್ತಿ ಫಜಲ್ ಅಲಿಯವರ ಭಿನ್ನಮತವೂ ದಾಖಲಾಯಿತು. ಆ ಭಿನ್ನಮತದ ಜಾಡಿನಲ್ಲೇ 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವೈಯಕ್ತಿಕ ಸ್ವಾತಂತ್ರ್ಯದ ಅರ್ಥವನ್ನು ಹಿಗ್ಗಿಸಿತು. ಗೋಪಾಲನ್ ಹಿಂದಿನ ವರ್ಷವೇ ತೀರಿಕೊಂಡಿದ್ದರು. 1957, 1962 ಮತ್ತು 1967ರಲ್ಲಿ ಅವರು ಲೋಕಸಭೆಗೆ ಹೋದದ್ದು ಇದೇ ಕಾಸರಗೋಡಿನಿಂದ.

ಅಧಿಕಾರಕ್ಕೆ ಬಂದ ಮೇಲೆ ಕಮ್ಯುನಿಸ್ಟರೇ ಕಟಕಟೆಯ ಆಚೆ ಬದಿಗೆ ನಿಲ್ಲಬೇಕಾಯಿತು. ಖಾಸಗಿ ಶಾಲೆಗಳಲ್ಲಿ ಉಪಾಧ್ಯಾಯರಿಗೆ ಸರಿಯಾದ ಸಂಬಳ, ನೌಕರಿಯ ಭದ್ರತೆ ಒದಗಿಸುವ ಶಿಕ್ಷಣ ಮಸೂದೆಯನ್ನು ಅವರು ತಂದರು. ಉದ್ದೇಶ ಒಳ್ಳೆಯದೇ. ಆದರೆ ಶಾಲೆಗಳನ್ನು ಸರ್ಕಾರ ವಶಪಡಿಸಿಕೊಳ್ಳುವ ಕಲಮುಗಳೂ ಅದರಲ್ಲಿದ್ದವು. ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ಆ ಕಲಮುಗಳನ್ನು ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸಿದರೆ ಸಂವಿಧಾನದ 30ನೆಯ ವಿಧಿಗೆ ವಿರುದ್ಧವಾಗುತ್ತದೆಂದು 1958ರ ಮೇ ತಿಂಗಳಲ್ಲಿ ಕೋರ್ಟು ಹೇಳಿತು. ಸರ್ಕಾರ ಮಸೂದೆಯನ್ನು ತಿದ್ದಿತು. 30ನೆಯ ವಿಧಿಯ ರಕ್ಷಣೆ ಧಾರ್ಮಿಕ ಅಲ್ಪಸಂಖ್ಯಾತರಿಗಷ್ಟೇ ಅಲ್ಲ, ಭಾಷಾ ಅಲ್ಪಸಂಖ್ಯಾತರಿಗೂ ಇದೆ. ಆದ್ದರಿಂದ ಕಾಸರಗೋಡಿನ ಕನ್ನಡಿಗರಿಗೂ ಈ ಮಾತು ಸಂಬಂಧಿಸಿದ್ದೇ.

ಮಜೂರಿ ವಿವಾದಗಳಲ್ಲಿ ಮಾಲೀಕರ ಪರ ಪೊಲೀಸರನ್ನು ಛೂ ಬಿಡುವುದಿಲ್ಲ ಎಂದಿದ್ದ ಸರ್ಕಾರದ ಪೊಲೀಸರೇ 1959ರ ಜೂನ್‌ನಲ್ಲಿ, 'ವಿಮೋಚನಾ ಸಮರ'ದ ಹೊತ್ತಿಗೆ, ಅಂಗಮಾಲಿಯಲ್ಲಿ ಗುಂಡು ಹಾರಿಸಿ ಏಳು ಜನರನ್ನು ಕೊಂದರು. ಇದನ್ನು ಮರೆಮಾಚಲಾಗದು. ಹಾಗೆಯೇ, ಜನ ಆರಿಸಿದ್ದ ಆ ಸರ್ಕಾರವನ್ನು ಕೇಂದ್ರವು ಜುಲೈ 31ರಂದು ವಜಾ ಮಾಡಿದಾಗ ಮತದಾರನ ಹಕ್ಕಿಗೂ ಪೆಟ್ಟು ಬಿತ್ತು. ಆದರೂ ಅದೇ ಪಕ್ಷಗಳು ಮತ್ತೆ ಚುನಾವಣೆಗೆ ನಿಂತವು, 1967ರಲ್ಲಿ ಇಎಂಎಸ್ ಮತ್ತೆ ಮುಖ್ಯಮಂತ್ರಿಯಾದರು. ನ್ಯಾಯಾಧೀಶರು ಉಳ್ಳವರ ಕಡೆ ವಾಲುತ್ತಾರೆಂಬ ಅರ್ಥದಲ್ಲಿ ಆಡಿದ ಮಾತಿಗೆ ನ್ಯಾಯಾಂಗ ನಿಂದನೆಯ ಶಿಕ್ಷೆಯನ್ನೂ ಅನುಭವಿಸಿದರು. ಸಾವಿರ ರೂಪಾಯಿ ದಂಡವನ್ನು ಸುಪ್ರೀಂ ಕೋರ್ಟು 1970ರಲ್ಲಿ ಐವತ್ತಕ್ಕೆ ಇಳಿಸಿತು!

ಕಾಸರಗೋಡಿನಲ್ಲಿ ಜಗಳ ನಿಂತಿಲ್ಲ. ಚಂದ್ರಗಿರಿ ನದಿಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದು ಕಾಗದದಲ್ಲೇ ಉಳಿಯಿತು. ಸರ್ಕಾರದೊಡನೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡಲು 1969ರ ಕೇರಳದ ಆಡಳಿತ ಭಾಷಾ ಕಾಯ್ದೆ ಅವಕಾಶ ಕೊಟ್ಟಿತು. 2017ರಲ್ಲಿ ಪಿಣರಾಯಿ ವಿಜಯನ್ ಸರ್ಕಾರ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡಿದಾಗ ಅಲ್ಲಿನ ಕನ್ನಡಿಗರು ಕನ್ನಡದ ಫಲಕ ಹಿಡಿದೇ ಬೀದಿಗಿಳಿದರು.